ಹಗೆಯನ್ನು ಗೆದ್ದ ಪ್ರೀತಿ

ಶತ್ರುಗಳನ್ನು ಪ್ರೀತಿಸಬೇಕು, ನಮ್ಮನ್ನು ಹಿಂಸಿಸುವವರಿಗಾಗಿ ಪ್ರಾರ್ಥಿಸಬೇಕು ಎಂಬುದು ಯೇಸುಕ್ರಿಸ್ತನ ಉಪದೇಶ. ಶಿಲುಬೆಯ ಮೇಲೆ ಪ್ರಾಣ ಬಿಡುವ ಹೊತ್ತಿನಲ್ಲಿಯೂ ತನ್ನನ್ನು ಕೊಲ್ಲುತ್ತಿದ್ದವರನ್ನು ಕ್ಷಮಿಸುವಂತೆ ಆತನು ದೇವರನ್ನು ಬೇಡಿಕೊಂಡನೆಂದು ಲೂಕನ ಸುವಾರ್ತೆಯಲ್ಲಿ ಹೇಳಿದೆ. ಈ ಮಾತು ಕೇಳಲು ಹಿತವಾಗಿದೆ. ಆದರೆ ಆಚರಣೆಗೆ ತರುವುದು ಸುಲಭವಲ್ಲ. ನಮ್ಮ ಮನೆಗೆ ಬಾಂಬು ಎಸೆದವನನ್ನು ಪ್ರೀತಿಸುವುದು ಹೇಗೆ? ಹಾಗೆ ಪ್ರೀತಿಸಿದರೆ ಅವನ ಅನ್ಯಾಯಕ್ಕೆ ತಲೆಬಾಗಿದಂತೆ ಆಗುವುದಿಲ್ಲವೇ? ಈ ಎರಡು ಪ್ರಶ್ನೆಗಳಿಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟವರು ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್.

ಕಿಂಗ್ ಅವರು 1929ನೆಯ ಜನವರಿ 15ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ ಜನಿಸಿದರು. ಅವರ ತಂದೆಯ ಹೆಸರೂ ಮಾರ್ಟಿನ್ ಲೂಥರ್ ಕಿಂಗ್ ಎಂದೇ. ಅವರು ಆ ನಗರದ ಎಬೆನೇಜರ್ ಬ್ಯಾಪ್ಟಿಸ್ಟ್ ಚರ್ಚಿನ ಸಭಾಪಾಲಕರಾಗಿದ್ದರು. ತಾಯಿ ಆಲ್ಬರ್ಟಾ ಅದೇ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಪ್ರಾರ್ಥನೆ, ಕೀರ್ತನೆ, ಬೈಬಲಿನ ಕಥೆಗಳ ನಡುವೆ ಬಾಲಕ ಮಾರ್ಟಿನ್ ಬೆಳೆದನು.

ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕೊನೆಗೊಂಡಿತ್ತು. ಆದರೂ ದಕ್ಷಿಣದ ರಾಜ್ಯಗಳಲ್ಲಿ ಆಫ್ರಿಕನ್ ಮೂಲದ ಕಪ್ಪು ಜನರನ್ನು ಬಿಳಿಯರಿಂದ ದೂರ ಇಡುವ ಕಾನೂನುಗಳು ಜಾರಿಯಲ್ಲಿದ್ದವು. ಶಾಲೆಗಳು ಬೇರೆ, ಹೋಟೆಲುಗಳು ಬೇರೆ, ಕುಡಿಯುವ ನೀರಿನ ನಳಗಳು ಸಹ ಬೇರೆಯಾಗಿದ್ದವು. ಮತ ಚಲಾಯಿಸುವ ಹಕ್ಕು ಕಾಗದದಲ್ಲಿ ಇದ್ದರೂ ಅದನ್ನು ಬಳಸಲು ಹೋದ ಕಪ್ಪು ಜನರಿಗೆ ನೂರೆಂಟು ಅಡ್ಡಿಗಳು ಎದುರಾಗುತ್ತಿದ್ದವು.

ಈ ಭೇದದ ಮೊದಲ ಪೆಟ್ಟು ಮಾರ್ಟಿನ್‌ಗೆ ಆರನೆಯ ವಯಸ್ಸಿನಲ್ಲಿ ಬಿತ್ತು. ಅವನಿಗೆ ಒಬ್ಬ ಬಿಳಿಯ ಗೆಳೆಯನಿದ್ದನು. ಆ ಗೆಳೆಯನ ತಂದೆ ಮಾರ್ಟಿನ್‌ನ ಮನೆಯ ಎದುರಿಗೇ ಅಂಗಡಿ ಇಟ್ಟಿದ್ದನು. ಇಬ್ಬರೂ ದಿನವೂ ಒಟ್ಟಿಗೆ ಆಡುತ್ತಿದ್ದರು. ಶಾಲೆಗೆ ಸೇರುವ ಕಾಲ ಬಂದಾಗ ಇಬ್ಬರೂ ಬೇರೆ ಬೇರೆ ಶಾಲೆಗಳಿಗೆ ಹೋಗಬೇಕಾಯಿತು. ಒಂದು ದಿನ ಆ ಗೆಳೆಯ, ಇನ್ನು ಮುಂದೆ ಮಾರ್ಟಿನ್‌ನ ಜೊತೆ ಆಡಬಾರದೆಂದು ತನ್ನ ತಂದೆ ಹೇಳಿರುವುದಾಗಿ ತಿಳಿಸಿದನು. ಮಾರ್ಟಿನ್ ಅಳುತ್ತಾ ಮನೆಗೆ ಬಂದನು. ಆ ರಾತ್ರಿ ಊಟದ ಹೊತ್ತಿಗೆ ತಂದೆ ತಾಯಿಗಳು ಗುಲಾಮಗಿರಿಯ ಕಥೆಯನ್ನೂ ತಾವು ಅನುಭವಿಸಿದ ಅವಮಾನಗಳನ್ನೂ ಮಗನಿಗೆ ವಿವರಿಸಿದರು. ಎಲ್ಲವನ್ನೂ ಕೇಳಿದ ಬಾಲಕ, ಬಿಳಿಯರೆಲ್ಲರನ್ನೂ ದ್ವೇಷಿಸುವೆನೆಂದು ಮನಸ್ಸಿನಲ್ಲಿಯೇ ನಿಶ್ಚಯಿಸಿದನು. ದ್ವೇಷಿಸಬಾರದು, ಅವರನ್ನೂ ಪ್ರೀತಿಸುವುದು ಕ್ರೈಸ್ತನ ಕರ್ತವ್ಯ ಎಂದು ತಂದೆ ತಾಯಿ ಬುದ್ಧಿ ಹೇಳಿದರು. ತನ್ನನ್ನು ದ್ವೇಷಿಸುವ ಜನರನ್ನು ತಾನು ಪ್ರೀತಿಸುವುದಾದರೂ ಹೇಗೆ ಎಂಬ ಪ್ರಶ್ನೆ ಅವನನ್ನು ವರ್ಷಗಟ್ಟಲೆ ಕಾಡಿತು.

ಪ್ರೀತಿಸಬೇಕೆಂದು ಹೇಳಿದ ಆ ತಂದೆ ಅಂಜುಬುರುಕರಾಗಿರಲಿಲ್ಲ. ಒಮ್ಮೆ ಮಗನಿಗೆ ಪಾದರಕ್ಷೆ ಕೊಡಿಸಲು ಅಂಗಡಿಗೆ ಹೋದಾಗ, ಮುಂದಿನ ಆಸನದಿಂದ ಎದ್ದು ಹಿಂದೆ ಹೋಗಿ ಕುಳಿತುಕೊಳ್ಳುವಂತೆ ಅಂಗಡಿಯವನು ಹೇಳಿದನು. ಅವರು ಏನನ್ನೂ ಕೊಳ್ಳದೆ ಮಗನ ಕೈ ಹಿಡಿದು ಹೊರನಡೆದರು. ಈ ವ್ಯವಸ್ಥೆಯನ್ನು ತಾನು ಎಂದಿಗೂ ಒಪ್ಪಲಾರೆನೆಂದು ದಾರಿಯಲ್ಲಿ ಮಗನಿಗೆ ಹೇಳಿದರು. ಹೀಗೆ ಅನ್ಯಾಯವನ್ನು ಒಪ್ಪಬಾರದು, ಅನ್ಯಾಯ ಮಾಡಿದವನನ್ನು ದ್ವೇಷಿಸಲೂಬಾರದು ಎಂಬ ಎರಡು ಪಾಠಗಳು ಒಂದೇ ಮನೆಯಲ್ಲಿ ಮಾರ್ಟಿನ್‌ಗೆ ದೊರೆತವು. ಇವೆರಡನ್ನೂ ಒಟ್ಟಿಗೆ ನಡೆಸಿಕೊಂಡು ಹೋಗುವ ದಾರಿ ಮಾತ್ರ ಅವನಿಗೆ ಆಗ ತಿಳಿದಿರಲಿಲ್ಲ.

1944ರಲ್ಲಿ, ಹೈಸ್ಕೂಲಿನಲ್ಲಿ ಓದುತ್ತಿದ್ದಾಗ, ಅವನು ಭಾಷಣ ಸ್ಪರ್ಧೆಗಾಗಿ ದೂರದ ಊರಿಗೆ ಹೋಗಿದ್ದನು. ಮರಳಿ ಬರುವಾಗ ಬಸ್ಸಿನ ಚಾಲಕನು ಬಿಳಿಯ ಪ್ರಯಾಣಿಕರಿಗೆ ಸ್ಥಳ ಬಿಟ್ಟುಕೊಡುವಂತೆ ಮಾರ್ಟಿನ್ ಮತ್ತು ಅವನ ಶಿಕ್ಷಕಿಯನ್ನು ಗದರಿಸಿದನು. ಮಾರ್ಟಿನ್ ಏಳಲು ಮನಸ್ಸು ಮಾಡಲಿಲ್ಲ. ಕೊನೆಗೆ ಶಿಕ್ಷಕಿಯ ಮಾತಿಗೆ ಕಟ್ಟುಬಿದ್ದು ಎದ್ದನು. ಅಟ್ಲಾಂಟಾದವರೆಗೆ ಸುಮಾರು 90 ಮೈಲಿ ನಿಂತುಕೊಂಡೇ ಬರಬೇಕಾಯಿತು. ಅಷ್ಟು ಕೋಪ ತಮಗೆ ಜೀವನದಲ್ಲಿ ಬೇರೆಂದೂ ಬಂದಿರಲಿಲ್ಲವೆಂದು ಕಿಂಗ್ ಮುಂದೆ ನೆನಪಿಸಿಕೊಂಡಿದ್ದಾರೆ.

ಅದೇ ವರ್ಷ, ಹದಿನೈದನೆಯ ವಯಸ್ಸಿನಲ್ಲಿ, ಅವರು ಅಟ್ಲಾಂಟಾದ ಮೋರ್‌ಹೌಸ್ ಕಾಲೇಜನ್ನು ಸೇರಿದರು. 1948ರಲ್ಲಿ ಸಮಾಜಶಾಸ್ತ್ರದಲ್ಲಿ ಪದವಿ ಪಡೆದು, ಪೆನ್ಸಿಲ್ವೇನಿಯಾ ರಾಜ್ಯದ ಕ್ರೋಜರ್ ದೈವಶಾಸ್ತ್ರ ವಿದ್ಯಾಲಯಕ್ಕೆ ಹೋದರು. ಶತ್ರುವನ್ನು ಪ್ರೀತಿಸಬೇಕೆಂಬ ಯೇಸುವಿನ ಉಪದೇಶ ಮನುಷ್ಯ ಮನುಷ್ಯರ ನಡುವಿನ ಜಗಳಕ್ಕೆ ಸರಿಹೋದೀತೇ ಹೊರತು ಜನಾಂಗ ಜನಾಂಗಗಳ ನಡುವಿನ ಸಂಘರ್ಷಕ್ಕೆ ಸಾಲದು ಎಂದು ಆಗ ಅವರು ಭಾವಿಸಿದ್ದರು. ಅಂಥ ಸಮಯದಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಹೋವಾರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಮೊರ್ಡೆಕಾಯ್ ಜಾನ್ಸನ್ ಅವರ ಉಪನ್ಯಾಸ ಕೇಳಿದರು. ಜಾನ್ಸನ್ ಆಗಷ್ಟೇ ಭಾರತ ಪ್ರವಾಸ ಮುಗಿಸಿ ಬಂದಿದ್ದರು. ಅವರು ಮಾತನಾಡಿದ್ದು ಮಹಾತ್ಮ ಗಾಂಧೀಜಿಯವರ ಕುರಿತು. ಸಭೆಯಿಂದ ಹೊರಬಂದವರೇ ಕಿಂಗ್ ಗಾಂಧೀಜಿಯವರನ್ನು ಕುರಿತ ಐದಾರು ಪುಸ್ತಕಗಳನ್ನು ಕೊಂಡು ಓದಿದರು. ಉಪ್ಪಿನ ಸತ್ಯಾಗ್ರಹದ ವಿವರಗಳು ಅವರ ಮನಸ್ಸನ್ನು ಹಿಡಿದವು. ಎದುರಾಳಿಯನ್ನು ದ್ವೇಷಿಸದೆಯೇ ಅವನ ಅನ್ಯಾಯದ ಕಾನೂನನ್ನು ಮುರಿಯಬಹುದೆಂಬುದು ಅವರಿಗೆ ಮನವರಿಕೆಯಾಯಿತು. ಕ್ರಿಸ್ತನಿಂದ ಪ್ರೇರಣೆ ಬಂತು, ಗಾಂಧೀಜಿಯಿಂದ ವಿಧಾನ ಬಂತು ಎಂದು ಅವರು ಮುಂದೆ ವಿವರಿಸುತ್ತಿದ್ದರು.

1953ರಲ್ಲಿ ಕಿಂಗ್ ಅವರು ಕೊರೆಟ್ಟಾ ಸ್ಕಾಟ್ ಅವರನ್ನು ವಿವಾಹವಾದರು. 1954ರಲ್ಲಿ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ನಗರದ ಡೆಕ್ಸ್‌ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಸಭಾಪಾಲಕರಾದರು. ಮರುವರ್ಷ ಬಾಸ್ಟನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಪದವಿ ನೀಡಿತು.

ಮಾಂಟ್‌ಗೊಮರಿಯ ಬಸ್ಸುಗಳಲ್ಲಿ ಮುಂದಿನ ಸಾಲುಗಳು ಬಿಳಿಯರಿಗೆ ಮೀಸಲಾಗಿದ್ದವು. ಆ ಸಾಲುಗಳು ತುಂಬಿದರೆ, ಹಿಂದೆ ಕುಳಿತ ಕಪ್ಪು ಜನರು ಎದ್ದು ಬಿಳಿಯರಿಗೆ ಜಾಗ ಬಿಡಬೇಕಾಗಿತ್ತು. 1955ನೆಯ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಮಹಿಳೆ ಹಾಗೆ ಏಳಲು ನಿರಾಕರಿಸಿದರು. ಪೊಲೀಸರು ಅವರನ್ನು ಬಂಧಿಸಿದರು. ಇದನ್ನು ಪ್ರತಿಭಟಿಸಿ ಡಿಸೆಂಬರ್ 5ರಿಂದ ಕಪ್ಪು ಜನರು ಬಸ್ಸುಗಳನ್ನು ಬಹಿಷ್ಕರಿಸಿದರು. ಹೋರಾಟ ನಡೆಸಲು ರಚನೆಯಾದ ಸಂಘಕ್ಕೆ ಇಪ್ಪತ್ತಾರು ವರ್ಷದ ಕಿಂಗ್ ಅಧ್ಯಕ್ಷರಾಗಿ ಆಯ್ಕೆಯಾದರು. ಅಂದು ಸಂಜೆ ಚರ್ಚಿನ ಒಳಗೂ ಹೊರಗೂ ಸಾವಿರಾರು ಜನರು ಸೇರಿದ್ದರು. ಹಕ್ಕಿಗಾಗಿ ದೃಢವಾಗಿ ನಿಲ್ಲಬೇಕು, ಆದರೆ ಕ್ರೈಸ್ತ ಪ್ರೀತಿಯ ಮಿತಿಯನ್ನು ದಾಟಬಾರದು ಎಂದು ಅವರು ಜನರಿಗೆ ತಿಳಿಹೇಳಿದರು.

ಬಸ್ಸು ಬಿಟ್ಟ ಜನರು ಮೈಲುಗಟ್ಟಲೆ ನಡೆದರು. ಮನೆಗೆಲಸಕ್ಕೆ ಹೋಗುವ ಮುದುಕಿಯರೂ ನಡೆದರು. ಕಾರು ಇದ್ದವರು ಇಲ್ಲದವರನ್ನು ಕೂರಿಸಿಕೊಂಡು ಹೋದರು. ಬಸ್ಸುಗಳ ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಕಪ್ಪು ಜನರೇ ಆಗಿದ್ದುದರಿಂದ ಬಸ್ಸು ಕಂಪನಿಗೆ ಬಹಳ ನಷ್ಟವಾಯಿತು. ಬಿಳಿಯರಲ್ಲಿ ಹಲವರ ಸಿಟ್ಟು ಏರಿತು. ಕಿಂಗ್ ಅವರ ಮನೆಗೆ ಬೆದರಿಕೆಯ ದೂರವಾಣಿ ಕರೆಗಳು ಎಡೆಬಿಡದೆ ಬರತೊಡಗಿದವು. ಜನವರಿ ತಿಂಗಳ ಒಂದು ನಡುರಾತ್ರಿ ಅಂಥ ಕರೆಯ ಬಳಿಕ ಅವರಿಗೆ ನಿದ್ದೆ ಬರಲಿಲ್ಲ. ಅಡುಗೆಮನೆಯಲ್ಲಿ ಒಬ್ಬರೇ ಕುಳಿತು, ತಮ್ಮ ಧೈರ್ಯ ಕುಂದುತ್ತಿದೆಯೆಂದು ದೇವರಲ್ಲಿ ನಿವೇದಿಸಿಕೊಂಡರು. ಆ ಪ್ರಾರ್ಥನೆಯಿಂದ ಅವರ ಅಂಜಿಕೆ ತಗ್ಗಿತು.

ಕೆಲವೇ ದಿನಗಳಲ್ಲಿ ನಿಜವಾದ ಪರೀಕ್ಷೆ ಬಂತು. 1956ನೆಯ ಜನವರಿ 30ರ ರಾತ್ರಿ ಕಿಂಗ್ ಸಭೆಯೊಂದರಲ್ಲಿದ್ದರು. ಮನೆಯಲ್ಲಿ ಕೊರೆಟ್ಟಾ, ಎರಡೂವರೆ ತಿಂಗಳ ಹಸುಗೂಸು ಯೋಲಾಂಡಾ ಮತ್ತು ಚರ್ಚಿನ ಒಬ್ಬ ಗೆಳತಿ ಇದ್ದರು. ಯಾರೋ ಮನೆಯ ಮುಂಭಾಗಕ್ಕೆ ಬಾಂಬು ಎಸೆದು ಓಡಿದರು. ಜಗಲಿ ಒಡೆಯಿತು, ಕಿಟಕಿಯ ಗಾಜುಗಳು ಚೂರುಚೂರಾದವು. ಅದೃಷ್ಟವಶಾತ್ ಒಳಗಿದ್ದವರಿಗೆ ಅಪಾಯವಾಗಲಿಲ್ಲ. ಸುದ್ದಿ ತಿಳಿದು ಕಿಂಗ್ ಧಾವಿಸಿ ಬಂದರು. ಅಷ್ಟರಲ್ಲಿ ಮನೆಯ ಮುಂದೆ ನೂರಾರು ಮಂದಿ ಕಪ್ಪು ಜನರು ನೆರೆದಿದ್ದರು. ಕೆಲವರ ಕೈಯಲ್ಲಿ ಬಂದೂಕುಗಳಿದ್ದವು, ಕೆಲವರ ಕೈಯಲ್ಲಿ ಚೂರಿ, ಒಡೆದ ಬಾಟಲಿಗಳಿದ್ದವು. ನಗರದ ಮೇಯರ್ ಮತ್ತು ಪೊಲೀಸ್ ಆಯುಕ್ತರೂ ಅಲ್ಲಿಗೆ ಬಂದಿದ್ದರು. ಒಂದು ಮಾತು ಹೆಚ್ಚುಕಡಿಮೆಯಾದರೆ ರಕ್ತ ಹರಿಯುವ ಸಂದರ್ಭ ಅದು.

ಕಿಂಗ್ ಮೊದಲು ಒಳಗೆ ಹೋಗಿ ಹೆಂಡತಿ ಮಗುವನ್ನು ಕಂಡರು. ಬಳಿಕ ಒಡೆದ ಜಗಲಿಗೆ ಬಂದು ನಿಂತು ಕೈಯೆತ್ತಿದರು. ಜನರು ಸುಮ್ಮನಾದರು. ಆಯುಧಗಳನ್ನು ತಂದವರು ಮನೆಗೆ ಒಯ್ಯಬೇಕು, ತರದವರು ತರಲು ಹೋಗಬಾರದು ಎಂದು ಅವರು ಕೇಳಿಕೊಂಡರು. ಬಿಳಿಯರನ್ನು ಪ್ರೀತಿಸಬೇಕು, ಆ ಪ್ರೀತಿ ಅವರಿಗೂ ತಿಳಿಯಬೇಕು ಎಂದರು. ತಾನು ಇಲ್ಲದಿದ್ದರೂ ಹೋರಾಟ ನಿಲ್ಲುವುದಿಲ್ಲವೆಂದೂ ಹೇಳಿದರು. ಜನರು ಮೆಲ್ಲನೆ ಚದುರಿದರು. ಆ ರಾತ್ರಿ ಒಂದೇ ಒಂದು ಗುಂಡು ಹಾರಲಿಲ್ಲ.

ಆದರೆ ಕ್ಷಮೆ ಎಂಬುದು ಒಂದೇ ರಾತ್ರಿಯಲ್ಲಿ ಕೈಗೂಡುವ ಗುಣವಲ್ಲ. ಬಾಂಬು ಬಿದ್ದ ಮೇಲೆ ಕುಟುಂಬದ ರಕ್ಷಣೆಗಾಗಿ ಬಂದೂಕಿನ ಪರವಾನಿಗೆ ಕೋರಿ ಕಿಂಗ್ ಸರಕಾರಿ ಕಚೇರಿಗೆ ಅರ್ಜಿ ಕೊಟ್ಟರು. ಅರ್ಜಿ ತಿರಸ್ಕೃತವಾಯಿತು. ಅನಂತರ ಅವರು ತಮ್ಮನ್ನೇ ಪ್ರಶ್ನಿಸಿಕೊಂಡರು. ಅಹಿಂಸೆಯ ಹೋರಾಟವನ್ನು ಮುನ್ನಡೆಸುವವನು ಮನೆಯಲ್ಲಿ ಆಯುಧ ಇಟ್ಟುಕೊಳ್ಳಬಹುದೇ? ಪತಿ ಪತ್ನಿಯರು ಹಲವು ದಿನ ಈ ವಿಷಯವನ್ನು ಚರ್ಚಿಸಿದರು. ಕೊನೆಗೆ ಮನೆಯಲ್ಲಿದ್ದ ಒಂದೇ ಒಂದು ಆಯುಧವನ್ನೂ ತೆಗೆದುಹಾಕಿದರು. ಆಯುಧ ಹತ್ತಿರವಿದ್ದಾಗ ಇದ್ದ ಭಯ, ಅದನ್ನು ಬಿಟ್ಟ ಮೇಲೆ ಕಡಿಮೆಯಾಯಿತೆಂದು ಅವರು ಬರೆದಿದ್ದಾರೆ.

ಬಹಿಷ್ಕಾರ 381 ದಿನ ನಡೆಯಿತು. ಬಸ್ಸುಗಳಲ್ಲಿ ಭೇದ ಮಾಡುವ ಕಾನೂನು ಸಂವಿಧಾನಕ್ಕೆ ವಿರುದ್ಧವೆಂಬ ತೀರ್ಪನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಗೆಲುವು ಬಂದಾಗ ಕಿಂಗ್ ಜನರನ್ನು ಇನ್ನೊಂದು ಪರೀಕ್ಷೆಗೆ ಸಿದ್ಧಗೊಳಿಸಿದರು. ಗೆದ್ದವರು ಹೇಗೆ ನಡೆದುಕೊಳ್ಳಬೇಕು ಎಂಬುದೇ ಆ ಪರೀಕ್ಷೆ. ಚರ್ಚುಗಳಲ್ಲಿ ಬಸ್ಸಿನ ಆಸನಗಳಂತೆ ಕುರ್ಚಿಗಳನ್ನು ಸಾಲಾಗಿ ಇಟ್ಟರು. ಕೆಲವರು ಬಿಳಿಯರ ಪಾತ್ರ ವಹಿಸಿ ಬೈದರು, ತಳ್ಳಿದರು. ಉಳಿದವರು ಕೋಪ ತಾಳಿಕೊಳ್ಳುವುದನ್ನು ಕಲಿತರು. ಬಸ್ಸಿನಲ್ಲಿ ಜಂಬ ಕೊಚ್ಚಿಕೊಳ್ಳಬಾರದು, ಬೈದವರನ್ನು ಬೈಯಬಾರದು, ಹೊಡೆದವರನ್ನು ಹೊಡೆಯಬಾರದು ಎಂಬ ಸೂಚನೆಗಳನ್ನು ಅಚ್ಚುಮಾಡಿ ಹಂಚಿದರು. 1956ನೆಯ ಡಿಸೆಂಬರ್ 21ರ ಬೆಳಿಗ್ಗೆ ಕಿಂಗ್ ಬಸ್ಸು ಹತ್ತಿದರು. ಗ್ಲೆನ್ ಸ್ಮೈಲಿ ಎಂಬ ಬಿಳಿಯ ಪಾದ್ರಿಯ ಪಕ್ಕದಲ್ಲಿ ಕುಳಿತು ಪ್ರಯಾಣ ಮಾಡಿದರು.

1957ನೆಯ ನವೆಂಬರಿನಲ್ಲಿ ಡೆಕ್ಸ್‌ಟರ್ ಚರ್ಚಿನಲ್ಲಿ ಕಿಂಗ್ ಶತ್ರುಪ್ರೇಮದ ಕುರಿತು ಒಂದು ಪ್ರವಚನ ನೀಡಿದರು. ಪ್ರೀತಿಸುವುದು ಮತ್ತು ಮೆಚ್ಚುವುದು ಒಂದೇ ಅಲ್ಲವೆಂದು ಅವರು ಅದರಲ್ಲಿ ವಿವರಿಸಿದರು. ನಮ್ಮನ್ನು ಹಿಂಸಿಸುವವನನ್ನು ಮೆಚ್ಚಲು ಯಾರಿಂದಲೂ ಆಗದು. ಆದರೆ ಅವನ ಕೇಡನ್ನು ಬಯಸದಿರಲು, ಅವನನ್ನು ಸೋಲಿಸುವ ಅವಕಾಶ ಸಿಕ್ಕಾಗಲೂ ಅದನ್ನು ಬಿಟ್ಟುಕೊಡಲು ಸಾಧ್ಯ. ಗ್ರೀಕ್ ಭಾಷೆಯಲ್ಲಿ ಪ್ರೀತಿಗೆ ಇರುವ ಪದಗಳಲ್ಲಿ ಅಗಾಪೆ ಎಂಬುದು ಇಂಥ ಪ್ರೀತಿಯನ್ನು ಸೂಚಿಸುತ್ತದೆ ಎಂದು ಅವರು ತಿಳಿಸಿದರು. ಅತ್ಯಂತ ಕೆಟ್ಟವನಲ್ಲಿಯೂ ಒಳ್ಳೆಯದೇನಾದರೂ ಇರುತ್ತದೆ. ಅತ್ಯಂತ ಒಳ್ಳೆಯವನಲ್ಲಿಯೂ ಕೆಟ್ಟದ್ದು ಇರುತ್ತದೆ. ಆದ್ದರಿಂದ ಒಬ್ಬನ ಒಂದು ಕೃತ್ಯದಿಂದ ಇಡೀ ಮನುಷ್ಯನನ್ನು ಅಳೆಯಬಾರದು. ದ್ವೇಷ ಅದರ ಗುರಿಯಾದವನಿಗಿಂತ ಅದನ್ನು ಹೊತ್ತವನನ್ನೇ ಹೆಚ್ಚು ಸುಡುತ್ತದೆ ಎಂಬುದು ಅವರ ವಾದ. ಅಬ್ರಹಾಂ ಲಿಂಕನ್ ತಮ್ಮನ್ನು ಹೀಯಾಳಿಸಿದ್ದ ಸ್ಟ್ಯಾಂಟನ್ ಎಂಬವರನ್ನೇ ಯುದ್ಧಖಾತೆಯ ಮಂತ್ರಿಯನ್ನಾಗಿ ನೇಮಿಸಿ, ಅವರ ಗೌರವವನ್ನು ಗಳಿಸಿದ ನಿದರ್ಶನವನ್ನೂ ಅವರು ಕೊಟ್ಟರು. ಈ ವಿಷಯವನ್ನು ಅವರು ಮುಂದೆ ಜಾರ್ಜಿಯಾದ ಸೆರೆಮನೆಯಲ್ಲಿದ್ದಾಗ ಮತ್ತೆ ಬರೆದು ತಿದ್ದಿದರು. 1963ರಲ್ಲಿ ಪ್ರಕಟವಾದ ಅವರ ಪ್ರವಚನ ಸಂಗ್ರಹದಲ್ಲಿ ಅದು ಸೇರಿದೆ.

ಮಾತು ಆಡಿದ ಮರುವರ್ಷವೇ ಅದನ್ನು ನಡೆಸಿ ತೋರಿಸಬೇಕಾಯಿತು. 1958ನೆಯ ಸೆಪ್ಟೆಂಬರ್ 20ರಂದು ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದ ಅಂಗಡಿಯೊಂದರಲ್ಲಿ ಕಿಂಗ್ ತಮ್ಮ ಮೊದಲ ಪುಸ್ತಕದ ಪ್ರತಿಗಳಿಗೆ ಸಹಿ ಹಾಕುತ್ತಾ ಕುಳಿತಿದ್ದರು. ಒಬ್ಬ ಮಹಿಳೆ ಮುಂದೆ ಬಂದು, ಲಕೋಟೆ ಬಿಡಿಸುವ ಉಕ್ಕಿನ ಚೂರಿಯನ್ನು ಅವರ ಎದೆಗೆ ಇರಿದಳು. ಅವಳೂ ಕಪ್ಪು ಜನಾಂಗದವಳೇ; ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದವಳು. ಚೂರಿಯ ತುದಿ ಹೃದಯದಿಂದ ಹೊರಡುವ ಮಹಾಪಧಮನಿಯನ್ನು ತಾಗಿ ನಿಂತಿತ್ತು. ವೈದ್ಯರು ತಾಸುಗಟ್ಟಲೆ ಶ್ರಮಿಸಿ ಅದನ್ನು ತೆಗೆದರು. ಆ ನಡುವೆ ಒಂದು ಸೀನು ಬಂದಿದ್ದರೂ ಪ್ರಾಣ ಹೋಗುತ್ತಿತ್ತೆಂದು ವೈದ್ಯರು ಬಳಿಕ ತಿಳಿಸಿದರು. ಆಸ್ಪತ್ರೆಯ ಹಾಸಿಗೆಯಿಂದಲೇ ಕಿಂಗ್ ಹೇಳಿಕೆ ಕೊಟ್ಟರು. ಆ ಮಹಿಳೆಯ ಮೇಲೆ ತನಗೆ ಯಾವ ಕೋಪವೂ ಇಲ್ಲ, ಅವಳಿಗೆ ಬೇಕಾದ ಚಿಕಿತ್ಸೆ ದೊರೆಯಬೇಕು ಎಂಬುದೇ ಅದರ ಸಾರ. ಅವಳನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು.

ಚೇತರಿಸಿಕೊಂಡ ಮೇಲೆ, 1959ನೆಯ ಫೆಬ್ರವರಿಯಲ್ಲಿ ಕಿಂಗ್ ದಂಪತಿಗಳು ಭಾರತಕ್ಕೆ ಬಂದರು. ಬೇರೆ ದೇಶಗಳಿಗೆ ತಾನು ಪ್ರವಾಸಿಯಾಗಿ ಹೋಗಬಹುದು, ಆದರೆ ಭಾರತಕ್ಕೆ ಯಾತ್ರಿಕನಾಗಿ ಬಂದಿದ್ದೇನೆ ಎಂಬುದು ಅವರ ಭಾವನೆಯಾಗಿತ್ತು. ರಾಜಘಾಟದಲ್ಲಿ ಗಾಂಧೀಜಿಯವರ ಸಮಾಧಿಗೆ ಹೂಮಾಲೆ ಅರ್ಪಿಸಿದರು. ಜವಾಹರಲಾಲ್ ನೆಹರೂ ಅವರನ್ನೂ ಭೂದಾನ ಯಜ್ಞದ ವಿನೋಬಾ ಭಾವೆಯವರನ್ನೂ ಭೇಟಿಯಾದರು. ನಮ್ಮ ರಾಜ್ಯದ ರಾಜಧಾನಿ ತಿರುವನಂತಪುರಕ್ಕೂ ಬಂದರು. ಅಲ್ಲಿ ಅಸ್ಪೃಶ್ಯರೆನಿಸಿಕೊಂಡ ಕುಟುಂಬಗಳ ಮಕ್ಕಳು ಓದುವ ಶಾಲೆಯೊಂದಕ್ಕೆ ಹೋದಾಗ, ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧುವೆಂದು ಮುಖ್ಯೋಪಾಧ್ಯಾಯರು ತಮ್ಮನ್ನು ಮಕ್ಕಳಿಗೆ ಪರಿಚಯಿಸಿದರೆಂದು ಕಿಂಗ್ 1965ರ ಪ್ರವಚನವೊಂದರಲ್ಲಿ ನೆನಪಿಸಿಕೊಂಡಿದ್ದಾರೆ. ಮೊದಲು ಆ ಮಾತು ಅವರನ್ನು ಚುಚ್ಚಿತು. ಯೋಚಿಸಿದಾಗ ಅದು ನಿಜವೆನಿಸಿತು. ತಮ್ಮ ದೇಶದ ಲಕ್ಷಾಂತರ ಕಪ್ಪು ಜನರೂ ಅಸ್ಪೃಶ್ಯರಂತೆಯೇ ಬದುಕುತ್ತಿದ್ದಾರೆಂದು ಅವರು ಮನಗಂಡರು. ಅಲ್ಲಿಂದ ಕನ್ಯಾಕುಮಾರಿಗೆ ಹೋಗಿ ಸೂರ್ಯ ಮುಳುಗುವುದನ್ನೂ ಚಂದ್ರ ಮೂಡುವುದನ್ನೂ ಒಟ್ಟಿಗೆ ನೋಡಿದರು. ಅಹಿಂಸೆಯಲ್ಲಿ ಅವರಿಗಿದ್ದ ನಂಬಿಕೆ ಈ ಯಾತ್ರೆಯಿಂದ ಇನ್ನಷ್ಟು ಗಟ್ಟಿಯಾಯಿತು.

1962ನೆಯ ಸೆಪ್ಟೆಂಬರಿನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಒಂದು ಸಮ್ಮೇಳನ ನಡೆಯುತ್ತಿತ್ತು. ಕಿಂಗ್ ಮಾತನಾಡುತ್ತಿದ್ದಾಗ ಬಿಳಿಯ ಯುವಕನೊಬ್ಬ ವೇದಿಕೆಗೆ ನುಗ್ಗಿ ಅವರ ಮುಖಕ್ಕೆ ಗುದ್ದಿದನು. ಅವನು ಅಮೆರಿಕದ ನಾಜಿ ಪಕ್ಷಕ್ಕೆ ಸೇರಿದವನು. ಕಿಂಗ್ ಕೈಯೆತ್ತಿ ತಡೆಯಲಿಲ್ಲ. ಎರಡೂ ಕೈಗಳನ್ನು ಕೆಳಗಿಳಿಸಿ ಅವನ ಕಡೆಗೇ ನೋಡುತ್ತಾ ನಿಂತರು. ಆತ ಮತ್ತೆ ಮತ್ತೆ ಗುದ್ದಿದನು. ಸಭಿಕರು ಧಾವಿಸಿ ಬಂದಾಗ, ಅವನನ್ನು ಮುಟ್ಟಬಾರದು, ಅವನಿಗಾಗಿ ಪ್ರಾರ್ಥಿಸಬೇಕು ಎಂದು ಕಿಂಗ್ ತಡೆದರು. ಅವನ ಮೇಲೆ ದೂರು ಕೊಡಲೂ ಅವರು ಒಪ್ಪಲಿಲ್ಲ. ಅಹಿಂಸೆ ಬರಿಯ ಭಾಷಣವೆಂದು ಸಂದೇಹಪಟ್ಟಿದ್ದ ಹಲವರಿಗೆ ಅಂದು ಅದು ಕಣ್ಣಮುಂದೆ ಕಂಡಿತು.

ಹಾಗೆಂದು ಅವರು ಅನ್ಯಾಯದ ಎದುರು ಒಂದು ಹೆಜ್ಜೆಯನ್ನೂ ಹಿಂದಿಡಲಿಲ್ಲ. 1963ರಲ್ಲಿ ಅದೇ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ದೊಡ್ಡ ಸತ್ಯಾಗ್ರಹ ಆರಂಭವಾಯಿತು. ಅದಕ್ಕೆ ಸೇರುವ ಪ್ರತಿಯೊಬ್ಬರೂ ಹತ್ತು ನಿಯಮಗಳ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಬೇಕಾಗಿತ್ತು. ದಿನವೂ ಯೇಸುವಿನ ಉಪದೇಶವನ್ನು ಧ್ಯಾನಿಸುವುದು, ಪ್ರೀತಿಯಿಂದ ನಡೆನುಡಿಯುವುದು, ಮಿತ್ರನಿಗೂ ಶತ್ರುವಿಗೂ ಸೌಜನ್ಯ ತೋರುವುದು ಆ ನಿಯಮಗಳಲ್ಲಿ ಕೆಲವು. ಶುಭಶುಕ್ರವಾರದ ದಿನ ಕಿಂಗ್ ಬಂಧನಕ್ಕೊಳಗಾದರು. ಹೋರಾಟ ಅವಸರದ್ದು, ತಾಳ್ಮೆಯಿಂದ ಕಾಯಬೇಕು ಎಂದು ಎಂಟು ಮಂದಿ ಬಿಳಿಯ ಧರ್ಮಗುರುಗಳು ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟಿದ್ದರು. ಕಿಂಗ್ ಸೆರೆಮನೆಯಿಂದಲೇ ಅವರಿಗೆ ಉತ್ತರ ಬರೆದರು. ಕಾಗದವಿಲ್ಲದೆ ವೃತ್ತಪತ್ರಿಕೆಯ ಅಂಚುಗಳಲ್ಲಿ ಬರೆಯಲಾರಂಭಿಸಿದ ಆ ಪತ್ರ ಮುಂದೆ ಜಗತ್ಪ್ರಸಿದ್ಧವಾಯಿತು. ಅದರಲ್ಲಿ ಬೈಗುಳವಿಲ್ಲ, ಆದರೆ ಇನ್ನು ಕಾಯಲಾಗದು ಎಂಬ ದೃಢತೆ ಇದೆ.

ಮೇ ತಿಂಗಳಲ್ಲಿ ಸಾವಿರಾರು ಶಾಲಾಮಕ್ಕಳು ಮೆರವಣಿಗೆಗೆ ಇಳಿದರು. ಪೊಲೀಸರು ನಾಯಿಗಳನ್ನು ಛೂ ಬಿಟ್ಟರು. ಅಗ್ನಿಶಾಮಕ ದಳದವರು ಕೊಳವೆಗಳಿಂದ ರಭಸದ ನೀರು ಹಾರಿಸಿ ಮಕ್ಕಳನ್ನು ಕೆಡವಿದರು. ಒಂದು ಭಾನುವಾರ ಪ್ರಾರ್ಥನೆಗೆಂದು ಹೊರಟ ಮೆರವಣಿಗೆಯನ್ನು ತಡೆದಾಗ ಜನರು ಬೀದಿಯಲ್ಲಿಯೇ ಮೊಣಕಾಲೂರಿ ಪ್ರಾರ್ಥಿಸಿದರು. ಬಳಿಕ ಎದ್ದು ಮುನ್ನಡೆದರು. ನೀರು ಹಾರಿಸಲು ಆಜ್ಞೆಯಾದರೂ ಅಗ್ನಿಶಾಮಕ ದಳದವರು ಕೊಳವೆ ಹಿಡಿದು ಸುಮ್ಮನೆ ನಿಂತು ದಾರಿ ಬಿಟ್ಟರೆಂದು ಕಿಂಗ್ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಎದುರಾಳಿಯ ಮನಸ್ಸು ಕರಗಬಲ್ಲದು ಎಂಬ ಅವರ ನಂಬಿಕೆಗೆ ಇದು ಸಾಕ್ಷಿಯಾಯಿತು.

ಆ ವರ್ಷದ ಆಗಸ್ಟ್ 28ರಂದು ವಾಷಿಂಗ್ಟನ್ ನಗರದಲ್ಲಿ ಸುಮಾರು ಎರಡೂವರೆ ಲಕ್ಷ ಜನರು ಸೇರಿದ ಸಭೆಯಲ್ಲಿ ಕಿಂಗ್ ತಮ್ಮ ಕನಸನ್ನು ಬಣ್ಣಿಸಿದರು. ಗುಲಾಮರ ಮಕ್ಕಳೂ ಅವರ ಒಡೆಯರಾಗಿದ್ದವರ ಮಕ್ಕಳೂ ಸೋದರರಂತೆ ಒಟ್ಟಿಗೆ ಕುಳಿತುಕೊಳ್ಳುವ ಕನಸು ಅದು. ಮೂರು ವಾರ ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 15ರಂದು, ಬರ್ಮಿಂಗ್‌ಹ್ಯಾಮಿನ ಚರ್ಚೊಂದರಲ್ಲಿ ಬಾಂಬು ಸಿಡಿದು ನಾಲ್ವರು ಬಾಲಕಿಯರು ಸತ್ತರು. ಮೂವರಿಗೆ ಹದಿನಾಲ್ಕು ವರ್ಷ, ಒಬ್ಬಳಿಗೆ ಹನ್ನೊಂದು. ಕಿಂಗ್ ಅವರ ಜೀವನದಲ್ಲಿ ಇದಕ್ಕಿಂತ ಕಠಿಣವಾದ ಗಳಿಗೆಗಳು ಹೆಚ್ಚಿರಲಿಲ್ಲ. ಮಕ್ಕಳ ಅಂತ್ಯಸಂಸ್ಕಾರದಲ್ಲಿ ಅವರು ಮಾತನಾಡಿದರು. ಈ ದುಃಖದ ಹೊತ್ತಿನಲ್ಲಿಯೂ ಸೇಡಿಗೆ ಮನಸ್ಸು ಕೊಡಬಾರದು, ಬಿಳಿಯ ಸೋದರರ ಮೇಲಿನ ನಂಬಿಕೆಯನ್ನು ಕಳೆದುಕೊಳ್ಳಬಾರದು ಎಂದು ಕೇಳಿಕೊಂಡರು. ಅದೇ ಸಮಯ, ಕೊಂದವರು ಯಾರು ಎಂದಷ್ಟೇ ಕೇಳಿದರೆ ಸಾಲದು, ಇಂಥ ಕೊಲೆಗಾರರನ್ನು ಬೆಳೆಸಿದ ವ್ಯವಸ್ಥೆ ಯಾವುದು ಎಂದೂ ಕೇಳಬೇಕು ಎಂದರು. ಅಪರಾಧಿಗಳಿಗೆ ಶಿಕ್ಷೆಯಾಗಲು ಬಹಳ ಕಾಲ ಹಿಡಿಯಿತು. ಒಬ್ಬನಿಗೆ 1977ರಲ್ಲಿ, ಇನ್ನಿಬ್ಬರಿಗೆ 2001 ಮತ್ತು 2002ರಲ್ಲಿ ಶಿಕ್ಷೆಯಾಯಿತು.

ಕಿಂಗ್ ಅವರ ದಾರಿಯನ್ನು ಎಲ್ಲರೂ ಒಪ್ಪಿದರೆಂದಲ್ಲ. ಮಾಲ್ಕಂ ಎಕ್ಸ್ ಅವರಂಥ ನಾಯಕರು ಶತ್ರುಪ್ರೇಮವನ್ನು ದುರ್ಬಲರ ಮಾತೆಂದು ಟೀಕಿಸಿದರು. ಹೊಡೆತ ತಿಂದು ಬೇಸತ್ತ ಅನೇಕ ಯುವಕರಿಗೂ ಹಾಗೆಯೇ ಅನಿಸಿತು. ಆ ಸಿಟ್ಟಿಗೆ ಕಾರಣವಿದೆಯೆಂದು ಕಿಂಗ್ ಬಲ್ಲರು. ಆದರೆ ದ್ವೇಷದಿಂದ ದ್ವೇಷ ಬೆಳೆಯುತ್ತದೆಯೇ ಹೊರತು ಅಳಿಯುವುದಿಲ್ಲ ಎಂದು ಅವರು ಕೊನೆಯವರೆಗೂ ವಾದಿಸಿದರು. ಕ್ಷಮಿಸುವುದೆಂದರೆ ನಡೆದದ್ದನ್ನು ಮರೆಯುವುದಲ್ಲ, ಕೆಟ್ಟದ್ದನ್ನು ಒಳ್ಳೆಯದೆಂದು ಕರೆಯುವುದೂ ಅಲ್ಲ. ಆ ಕೆಟ್ಟ ಕೃತ್ಯ ಇಬ್ಬರ ನಡುವೆ ಗೋಡೆಯಾಗಿ ಉಳಿಯದಂತೆ ನೋಡಿಕೊಳ್ಳುವುದೇ ಕ್ಷಮೆ ಎಂದು ಅವರು ತಿಳಿದಿದ್ದರು.

ಅವರ ಹೋರಾಟ ಫಲ ನೀಡಿತು. 1964ರ ನಾಗರಿಕ ಹಕ್ಕುಗಳ ಕಾಯಿದೆ ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದವನ್ನು ನಿಷೇಧಿಸಿತು. 1965ರ ಮತದಾನ ಹಕ್ಕುಗಳ ಕಾಯಿದೆ ಕಪ್ಪು ಜನರ ಮತದಾನಕ್ಕೆ ಇದ್ದ ಅಡ್ಡಿಗಳನ್ನು ತೆಗೆಯಿತು. 1964ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಕಿಂಗ್ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು. ಸುಮಾರು 54,000 ಡಾಲರುಗಳ ಆ ಮೊತ್ತವನ್ನು ಅವರು ಹೋರಾಟಕ್ಕೇ ಕೊಟ್ಟರು.

1968ರಲ್ಲಿ ಟೆನ್ನೆಸ್ಸೀ ರಾಜ್ಯದ ಮೆಂಫಿಸ್ ನಗರದಲ್ಲಿ ಕಸ ಸಾಗಿಸುವ ಪೌರಕಾರ್ಮಿಕರು ಮುಷ್ಕರ ಹೂಡಿದ್ದರು. ಅವರಿಗೆ ಬೆಂಬಲ ನೀಡಲು ಹೋದ ಕಿಂಗ್, ಏಪ್ರಿಲ್ 4ರ ಸಂಜೆ ತಾವು ತಂಗಿದ್ದ ವಸತಿಗೃಹದ ಮೊಗಸಾಲೆಯಲ್ಲಿ ನಿಂತಿದ್ದಾಗ ಬಿಳಿಯನೊಬ್ಬನ ಗುಂಡಿಗೆ ಬಲಿಯಾದರು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ. ಸುದ್ದಿ ಕೇಳಿ ನೂರಕ್ಕೂ ಹೆಚ್ಚು ನಗರಗಳಲ್ಲಿ ಗಲಭೆಗಳಾದವು. ಒಡೆದ ಜಗಲಿಯ ಮೇಲೆ ನಿಂತು ಜನರನ್ನು ಶಾಂತಗೊಳಿಸಿದ್ದ ಧ್ವನಿ ಈಗ ಇರಲಿಲ್ಲ.

ಮಗನನ್ನು ಕಳೆದುಕೊಂಡ ತಂದೆ ತಾಯಿಗಳಿಗೆ ಇನ್ನೊಂದು ಪರೀಕ್ಷೆ ಕಾದಿತ್ತು. 1974ನೆಯ ಜೂನ್ 30, ಭಾನುವಾರ. ಎಬೆನೇಜರ್ ಚರ್ಚಿನಲ್ಲಿ ಆಲ್ಬರ್ಟಾ ಕಿಂಗ್ ಎಂದಿನಂತೆ ಆರ್ಗನ್ ನುಡಿಸುತ್ತಿದ್ದಾಗ ಯುವಕನೊಬ್ಬ ಎದ್ದುನಿಂತು ಗುಂಡು ಹಾರಿಸಿದನು. ಆಲ್ಬರ್ಟಾ ಅವರೂ ಚರ್ಚಿನ ಹಿರಿಯರೊಬ್ಬರೂ ಪ್ರಾಣ ಬಿಟ್ಟರು. ಕೊಂದವನು ಕಪ್ಪು ಜನಾಂಗದವನು. ಮಗನನ್ನು ಕೊಂದವನು ಬಿಳಿಯ, ಹೆಂಡತಿಯನ್ನು ಕೊಂದವನು ಕಪ್ಪು ಜನಾಂಗದವನು. ಆದರೆ ಇಬ್ಬರಲ್ಲಿ ಯಾರನ್ನೂ ತಾನು ದ್ವೇಷಿಸುವುದಿಲ್ಲ ಎಂದು ಹಿರಿಯ ಕಿಂಗ್ ಸಾರಿದರು. ಆ ಯುವಕನಿಗೆ ನ್ಯಾಯಾಲಯ ಮರಣದಂಡನೆ ವಿಧಿಸಿತು. ಕಿಂಗ್ ಕುಟುಂಬ ಮರಣದಂಡನೆಗೆ ವಿರೋಧವಾಗಿತ್ತು. 1995ರಲ್ಲಿ ಅವನ ಶಿಕ್ಷೆ ಜೀವಾವಧಿ ಸೆರೆವಾಸವಾಗಿ ಬದಲಾಯಿತು. ಅವನು ಬಿಡುಗಡೆಯಾಗಲಿಲ್ಲ, ಆದರೆ ಅವನ ಕೊರಳಿಗೆ ಬಿದ್ದಿದ್ದ ಸಾವು ತಪ್ಪಿತು.

ಅಮೆರಿಕದಲ್ಲಿ 1986ರಿಂದ ಪ್ರತಿವರ್ಷ ಜನವರಿ ತಿಂಗಳ ಮೂರನೆಯ ಸೋಮವಾರವನ್ನು ಕಿಂಗ್ ಅವರ ನೆನಪಿನ ರಾಷ್ಟ್ರೀಯ ರಜಾದಿನವಾಗಿ ಆಚರಿಸಲಾಗುತ್ತಿದೆ. ದ್ವೇಷಿಸುವವರನ್ನು ಪ್ರೀತಿಸುವುದು ಹೇಗೆಂದು ಆರನೆಯ ವಯಸ್ಸಿನಲ್ಲಿ ಕೇಳಿಕೊಂಡ ಪ್ರಶ್ನೆಗೆ ಅವರು ಬದುಕಿನುದ್ದಕ್ಕೂ ಉತ್ತರ ಹುಡುಕಿದರು. ಅನ್ಯಾಯವನ್ನು ಬಿಡದೆ ಎದುರಿಸುವುದೂ ಅನ್ಯಾಯ ಮಾಡಿದವನ ಕೇಡು ಬಯಸದಿರುವುದೂ ಒಬ್ಬನೇ ಮನುಷ್ಯನಲ್ಲಿ ಒಟ್ಟಿಗೆ ಇರಬಲ್ಲವು ಎಂಬುದನ್ನು ಅವರು ತೋರಿಸಿಕೊಟ್ಟರು. ಅದನ್ನು ಅವರಿಗೆ ಮೊದಲು ಕಲಿಸಿದ್ದು ಅಟ್ಲಾಂಟಾದ ಆ ಮನೆಯ ಊಟದ ಮೇಜು.